ಪ್ರೊಜೆಸ್ಟರಾನ್ ವಾದ ಮತ್ತು ಉಚಿತ ಮಾತ್ರೆ

ಟ್ರಾನ್ಸ್ ಮಹಿಳೆಯರ ಹಾರ್ಮೋನು ಚಿಕಿತ್ಸೆಯಲ್ಲಿ ಈಸ್ಟ್ರೊಜೆನ್ ಜೊತೆಗೆ ಪ್ರೊಜೆಸ್ಟರಾನ್ ಕೂಡ ಇರಬೇಕೇ ಎಂಬ ಬಗ್ಗೆ ವೈದ್ಯಲೋಕದಲ್ಲಿ ಇನ್ನೂ ಒಮ್ಮತವಿಲ್ಲ. ಸ್ತನಗಳ ಬೆಳವಣಿಗೆಗೆ, ನಿದ್ರೆಗೆ, ಮನಸ್ಸಿನ ನೆಮ್ಮದಿಗೆ ಅದು ನೆರವಾಯಿತೆಂದು ಬಳಸಿದ ಹಲವರು ಹೇಳುತ್ತಾರೆ. ಸಾಕಷ್ಟು ಪುರಾವೆಯಿಲ್ಲವೆಂಬ ಕಾರಣಕ್ಕೆ ಅಂತರರಾಷ್ಟ್ರೀಯ ತಜ್ಞರ ಸಂಘಟನೆ ಡಬ್ಲ್ಯುಪಾತ್ ತನ್ನ 2022ರ ಮಾರ್ಗಸೂಚಿಯಲ್ಲಿ ಅದನ್ನು ಶಿಫಾರಸು ಮಾಡಿಲ್ಲ.

ಭಯದ ಮೂಲ ಇರುವುದು 2002ರಲ್ಲಿ. ಋತುಬಂಧ ದಾಟಿದ ಮಹಿಳೆಯರ ಮೇಲೆ ಅಮೆರಿಕದಲ್ಲಿ ನಡೆಯುತ್ತಿದ್ದ ದೊಡ್ಡ ಹಾರ್ಮೋನು ಪ್ರಯೋಗವೊಂದನ್ನು ಆ ವರ್ಷ ಅರ್ಧಕ್ಕೇ ನಿಲ್ಲಿಸಲಾಯಿತು. ಸ್ತನ ಕ್ಯಾನ್ಸರ್, ಪಾರ್ಶ್ವವಾಯು, ರಕ್ತ ಹೆಪ್ಪುಗಟ್ಟುವಿಕೆಯ ಅಪಾಯ ಹೆಚ್ಚಿದ್ದು ಕಂಡುಬಂದಿತ್ತು. ಆದರೆ ಅಲ್ಲಿ ಈಸ್ಟ್ರೊಜೆನ್ ಜೊತೆ ಕೊಟ್ಟದ್ದು ಮೆಡ್ರಾಕ್ಸಿಪ್ರೊಜೆಸ್ಟರಾನ್ ಎಂಬ ಕೃತಕ ವಸ್ತು, ದೇಹದಲ್ಲಿ ಉತ್ಪತ್ತಿಯಾಗುವ ಪ್ರೊಜೆಸ್ಟರಾನ್ ಅಲ್ಲ. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ನನಗೆ ಸರಿಕಾಣದು. ಹಾಗೆಂದು ಎರಡನೆಯದು ನಿರಪಾಯಕಾರಿ ಎಂದು ಸಾರಲೂ ಆಧಾರ ಸಾಲದು.

ಈ ವಾದ ಗುಬ್ಬಿ, ಕುಣಿಗಲ್ ತಲುಪುವ ಹೊತ್ತಿಗೆ ಅದರ ಸ್ವರೂಪವೇ ಬದಲಾಗುತ್ತದೆ. ತಜ್ಞರ ಬಳಿ ಹೋಗಲು ಹಣವೂ ಧೈರ್ಯವೂ ಇಲ್ಲದ ಟ್ರಾನ್ಸ್ ಮಹಿಳೆಯರು ಗೆಳತಿಯರ ಮಾತು ಕೇಳಿ ಗರ್ಭನಿರೋಧಕ ಮಾತ್ರೆ ನುಂಗುವುದು ನಮ್ಮ ದೇಶದಲ್ಲಿ ಹಳೆಯ ರೂಢಿ. ಸರ್ಕಾರ ಉಚಿತವಾಗಿ ಹಂಚುವ ಮಾಲಾ-ಎನ್ ಮಾತ್ರೆಯಲ್ಲಿರುವುದು 0.03 ಮಿ.ಗ್ರಾಂ. ಎಥಿನೈಲ್ ಎಸ್ಟ್ರಡಯಾಲ್ ಮತ್ತು 0.15 ಮಿ.ಗ್ರಾಂ. ಲೆವೊನಾರ್ಜೆಸ್ಟ್ರೆಲ್. ರಕ್ತ ಹೆಪ್ಪುಗಟ್ಟುವ ಅಪಾಯದಿಂದಾಗಿ ಮೊದಲನೆಯದನ್ನು ಈ ಚಿಕಿತ್ಸೆಗೆ ಬಳಸಬಾರದೆಂದು ತಜ್ಞರೇ ಹೇಳುತ್ತಾರೆ. ಎರಡನೆಯದು ಪುರುಷ ಹಾರ್ಮೋನಿನ ಗುಣವನ್ನೂ ಕೊಂಚ ಹೊತ್ತಿರುವ ಕೃತಕ ಪ್ರೊಜೆಸ್ಟೋಜೆನ್. ಹೆಣ್ತನ ಬಯಸಿದವರಿಗೆ ಸಿಗುವುದು ಇದು! ಬೇಗ ಫಲ ಸಿಗಲೆಂದು ದಿನಕ್ಕೆ ನಾಲ್ಕೈದು ನುಂಗಿದರೆ ತಡೆಯುವವರಾರು? ಪ್ರೊಜೆಸ್ಟರಾನ್ ಬೇಕೋ ಬೇಡವೋ ಎಂದು ತಜ್ಞರು ಚರ್ಚಿಸುತ್ತಿರುವಾಗಲೇ ಇವರ ಪಾಲಿನ ತೀರ್ಮಾನವನ್ನು ಬಡತನ ಮಾಡಿಬಿಟ್ಟಿರುತ್ತದೆ.

ಹಾರ್ಮೋನು ಚಿಕಿತ್ಸೆ ಒದಗಿಸುವ, ವೈದ್ಯಕೀಯ ಪಠ್ಯಕ್ರಮವನ್ನು ಪರಿಶೀಲಿಸುವ ಹೊಣೆಯನ್ನು 2019ರ ಕೇಂದ್ರ ಕಾಯ್ದೆಯ 15ನೇ ಕಲಂ ಸರ್ಕಾರಗಳ ಮೇಲೆ ಹೊರಿಸಿತು. ಅದಕ್ಕೂ ಮೊದಲೇ, 2017ರಲ್ಲಿ, ಕರ್ನಾಟಕ ತನ್ನದೇ ನೀತಿ ರೂಪಿಸಿತ್ತು. ನೀತಿಗಳಿಗೇನೂ ನಮ್ಮಲ್ಲಿ ಬರವಿಲ್ಲ. ತುಮಕೂರಿನಲ್ಲಿ ಜಿಲ್ಲಾ ಆಸ್ಪತ್ರೆಯಿದೆ, ವೈದ್ಯಕೀಯ ಕಾಲೇಜುಗಳಿವೆ. ವಾರಕ್ಕೊಂದು ದಿನ ಈ ಸಮುದಾಯಕ್ಕೆಂದೇ ಹೊರರೋಗಿ ವಿಭಾಗ ತೆರೆದು ರಕ್ತದೊತ್ತಡ, ಯಕೃತ್ತು, ಹಾರ್ಮೋನು ಪ್ರಮಾಣಗಳ ಪರೀಕ್ಷೆ ನಡೆಸುವುದು ಅಸಾಧ್ಯದ ಮಾತೇನಲ್ಲ. ಆಗ ಕುಣಿಗಲ್‌ನಿಂದ ಬಂದವರೊಬ್ಬರು ಪ್ರೊಜೆಸ್ಟರಾನ್ ಕೇಳಿದರೆ, ವೈದ್ಯರು ಪುರಾವೆಯ ಮಿತಿಯನ್ನು ಅವರಿಗೆ ಅರ್ಥವಾಗುವ ಕನ್ನಡದಲ್ಲಿ ತಿಳಿಸಿ, ಕೆಲವು ತಿಂಗಳು ಕೊಟ್ಟು ನೋಡಿ, ಫಲ ಕಾಣದಿದ್ದರೆ ನಿಲ್ಲಿಸಬಹುದು.