ಮಾರುಕಟ್ಟೆಯ ತಕ್ಕಡಿಯಲ್ಲಿ ಮೇಷ್ಟರ ಕೆಲಸ

ಇಂಗ್ಲೆಂಡಿನ ಶಾಲಾ ವ್ಯವಸ್ಥೆಯಲ್ಲಿ 2024ರ ಸೆಪ್ಟೆಂಬರ್ ತಿಂಗಳಲ್ಲಿ ಎರಡು ನಿಯಮಗಳು ಒಟ್ಟೊಟ್ಟಿಗೆ ಬಿದ್ದುಹೋದವು. ಸರ್ಕಾರಿ ಅನುದಾನದ ಶಾಲೆಗಳಲ್ಲಿ ಶಿಕ್ಷಕರ ವೇತನ ಏರಿಕೆಯನ್ನು ಅವರ ಸಾಧನೆಗೆ ತಳಕು ಹಾಕಲೇಬೇಕೆಂಬ 2013ರ ಕಡ್ಡಾಯ ಒಂದು. ತಪಾಸಣಾ ಸಂಸ್ಥೆಯಾದ ಆಫ್‌ಸ್ಟೆಡ್ ಇಡೀ ಶಾಲೆಗೆ 'ಅತ್ಯುತ್ತಮ'ದಿಂದ 'ಅಸಮರ್ಪಕ'ದವರೆಗಿನ ನಾಲ್ಕು ಹಣೆಪಟ್ಟಿಗಳಲ್ಲಿ ಒಂದನ್ನು ಅಂಟಿಸುತ್ತಿದ್ದ ಪದ್ಧತಿ ಇನ್ನೊಂದು. ಎರಡನೆಯದರ ಹಿಂದೆ ದುರಂತವೊಂದಿತ್ತು. ರೆಡಿಂಗ್ ನಗರದ ಪ್ರಾಥಮಿಕ ಶಾಲೆಯೊಂದರ ಮುಖ್ಯಶಿಕ್ಷಕಿ 2023ರ ಜನವರಿಯಲ್ಲಿ ಆತ್ಮಹತ್ಯೆ ಮಾಡಿಕೊಂಡರು. ಅವರ ಸಾವಿಗೆ ತಪಾಸಣೆಯೂ ಕಾರಣಗಳಲ್ಲೊಂದು ಎಂದು ಅದೇ ವರ್ಷದ ಡಿಸೆಂಬರಿನಲ್ಲಿ ಮರಣ ವಿಚಾರಣಾಧಿಕಾರಿ ತೀರ್ಮಾನಿಸಿದರು.

ಮೂರೂವರೆ ದಶಕಗಳ ಕಾಲ ಜಗತ್ತಿಗೆ ಮಾದರಿಯೆಂದು ಹೇಳಿಕೊಂಡ ವ್ಯವಸ್ಥೆ ಈ ಹಂತಕ್ಕೆ ಬಂದದ್ದು ಹೇಗೆ ಎಂಬುದನ್ನು ತಿಳಿಯಲು 1988ಕ್ಕೆ ಹೋಗಬೇಕು. ಮಾರ್ಗರೆಟ್ ಥ್ಯಾಚರ್ ಸರ್ಕಾರದ ಶಿಕ್ಷಣ ಸಚಿವ ಕೆನೆತ್ ಬೇಕರ್ ತಂದ ಶಿಕ್ಷಣ ಸುಧಾರಣಾ ಕಾಯ್ದೆ ಶಾಲೆಯನ್ನು ಬಹುಮಟ್ಟಿಗೆ ಅಂಗಡಿಯಾಗಿಸಿತು. ತಂದೆತಾಯಿಗಳು ಶಾಲೆಯನ್ನು ಆರಿಸಬಹುದು. ಮಗು ಹೋದಲ್ಲಿಗೆ ಹಣವೂ ಹೋಗುತ್ತದೆ. ಮಕ್ಕಳನ್ನು ಕಳೆದುಕೊಂಡ ಶಾಲೆ ಸೊರಗುತ್ತದೆ. ಗಿರಾಕಿಗೆ ಸರಕಿನ ಗುಣ ತಿಳಿಯಬೇಕಲ್ಲ? ಅದಕ್ಕಾಗಿ ರಾಷ್ಟ್ರೀಯ ಪಠ್ಯಕ್ರಮ, ರಾಷ್ಟ್ರೀಯ ಪರೀಕ್ಷೆ ಬಂದವು. 1992ರಲ್ಲಿ ಶಾಲೆಗಳ ಫಲಿತಾಂಶ ಪಟ್ಟಿಯ ಪ್ರಕಟಣೆ ಆರಂಭವಾಯಿತು. ಆಫ್‌ಸ್ಟೆಡ್ ಹುಟ್ಟಿದ್ದೂ ಅದೇ ವರ್ಷ. 1997ರಲ್ಲಿ ಅಧಿಕಾರಕ್ಕೆ ಬಂದ ಲೇಬರ್ ಪಕ್ಷ ಇದಾವುದನ್ನೂ ಕೆಡವಲಿಲ್ಲ, ಇನ್ನಷ್ಟು ಬಿಗಿಗೊಳಿಸಿತು.

ಈ ಸುಧಾರಣೆಯನ್ನು ಬರಿಯ ದುರುದ್ದೇಶವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಅದಕ್ಕೆ ಮುಂಚೆ ಬಡವರ ಕೇರಿಯ ಶಾಲೆಯೊಂದು ವರ್ಷಗಟ್ಟಲೆ ಮಕ್ಕಳಿಗೆ ಏನನ್ನೂ ಕಲಿಸದೆ ಇದ್ದರೂ ಹೊರಗಿನವರಿಗೆ ಗೊತ್ತಾಗುವ ದಾರಿಯಿರಲಿಲ್ಲ. ಪಟ್ಟಿ ಪ್ರಕಟವಾದ ಮೇಲೆ ಅದು ಗೊತ್ತಾಯಿತು. ಪ್ರಶ್ನೆಯಿರುವುದು ಪಟ್ಟಿಯ ಅಂಕಿ ಶಿಕ್ಷಕರ ತಲೆಯೊಳಗೆ ಹೊಕ್ಕು ಮಾಡಿದ ಕೆಲಸದ ಬಗ್ಗೆ.

ಹದಿನಾರರ ವಯಸ್ಸಿನ ಜಿಸಿಎಸ್ಇ ಪರೀಕ್ಷೆಯಲ್ಲಿ ಐದು ವಿಷಯಗಳಲ್ಲಿ 'ಸಿ' ಅಥವಾ ಮೇಲಿನ ಶ್ರೇಣಿ ಪಡೆದವರು ಶೇಕಡಾ ಎಷ್ಟು ಎಂಬುದೇ ಬಹುಕಾಲ ಶಾಲೆಯ ಮರ್ಯಾದೆಯ ಅಳತೆಗೋಲಾಗಿತ್ತು. ಈ ಲೆಕ್ಕದಲ್ಲಿ 'ಬಿ'ಯಿಂದ 'ಎ'ಗೆ ಏರಿದ ಹುಡುಗಿಗೆ ಬೆಲೆಯಿಲ್ಲ. 'ಜಿ'ಯಿಂದ 'ಇ'ಗೆ ಏರಿದ ಹುಡುಗನಿಗೂ ಇಲ್ಲ, ಅವನ ಪಾಲಿಗೆ ಅದು ಬೆಟ್ಟ ಹತ್ತಿದಷ್ಟೇ ದೊಡ್ಡದಾಗಿದ್ದರೂ. ಬೆಲೆಯಿದ್ದದ್ದು 'ಡಿ'ಯಿಂದ 'ಸಿ'ಗೆ ದಾಟುವ ಮಗುವಿಗೆ ಮಾತ್ರ. ಲಂಡನ್ನಿನ ಶಾಲೆಗಳಲ್ಲಿ ಅಧ್ಯಯನ ನಡೆಸಿದ ಡೇವಿಡ್ ಗಿಲ್‌ಬಾರ್ನ್ ಮತ್ತು ಡೆಬೊರಾ ಯೂಡೆಲ್ 2000ದಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇದನ್ನು ಯುದ್ಧಭೂಮಿಯ ಆಸ್ಪತ್ರೆಗೆ ಹೋಲಿಸಿದರು. ಅಲ್ಲಿ ಗಾಯಾಳುಗಳನ್ನು ವಿಂಗಡಿಸುವಂತೆ ಇಲ್ಲಿ ಮಕ್ಕಳನ್ನು ತಾವೇ ಪಾರಾಗುವವರು, ಆರೈಕೆಯಿಂದ ಪಾರಾಗಬಹುದಾದವರು, ಕೈಬಿಟ್ಟವರು ಎಂದು ವಿಂಗಡಿಸಲಾಗುತ್ತಿತ್ತು. ನಡುವಿನ ಗುಂಪಿಗೆ ಒಳ್ಳೆಯ ಮೇಷ್ಟರು, ಹೆಚ್ಚಿನ ತರಗತಿ, ಕೊನೆಯವರಿಗೆ ಉಳಿದದ್ದು. ಈ ವಿಂಗಡಣೆ ಮಾಡಬೇಕಾದವರು ಶಿಕ್ಷಕರೇ. ಯಾವ ಮಗುವಿಗೆ ಈಗ ಯಾವ ನೆರವು ಬೇಕು ಎಂಬ ವಿವೇಚನೆ ಈ ವೃತ್ತಿಯ ಪ್ರಾಣ. ಅದರ ಸ್ಥಾನದಲ್ಲಿ ಯಾವ ಮಗುವಿನಿಂದ ಶಾಲೆಗೆ ಲಾಭ ಎಂಬ ಗಣಿತ ಬಂದು ಕುಳಿತಿತು. 2016ರಿಂದ ಪ್ರತಿ ಮಗುವಿನ ಪ್ರಗತಿಯನ್ನೂ ಎಣಿಸುವ ಹೊಸ ಅಳತೆ ಬಂದದ್ದು ಈ ದೋಷವನ್ನು ಸರ್ಕಾರವೇ ಒಪ್ಪಿಕೊಂಡಂತೆ.

ಅಂಕಿಯ ಜೊತೆಗೇ ಪುರಾವೆಯ ಹೊರೆಯೂ ಬೆಳೆಯಿತು. ತಪಾಸಕರು ಬಂದಾಗ ತೋರಿಸಲೆಂದು ನೋಟ್‌ಪುಸ್ತಕಗಳಲ್ಲಿ ಶಿಕ್ಷಕರ ಟಿಪ್ಪಣಿ, ಅದಕ್ಕೆ ಮಗುವಿನ ಉತ್ತರ, ಉತ್ತರಕ್ಕೆ ಮತ್ತೆ ಶಿಕ್ಷಕರ ಷರಾ, ಒಂದೊಂದಕ್ಕೂ ಬೇರೆ ಬಣ್ಣದ ಶಾಯಿ. ಸರ್ಕಾರ ನೇಮಿಸಿದ ತಂಡವೇ 2016ರಲ್ಲಿ ಈ ಬಗೆಯ ತಿದ್ದುವಿಕೆ ಅನವಶ್ಯಕ ಹೊರೆಯೆಂದು ವರದಿ ಕೊಟ್ಟಿತು. ಕಲಿಸುವುದಕ್ಕಿಂತ ಕಲಿಸಿದ್ದೇನೆಂದು ರುಜುವಾತು ಮಾಡುವುದೇ ಕಸುಬಾದಲ್ಲಿ ಯುವಕರು ಬರಲು ಹಿಂಜರಿಯುವುದು ಆಶ್ಚರ್ಯವಲ್ಲ. ಸಂಬಳವೂ ಒಂದು ಕಾರಣವಿದ್ದೀತು. ಆದರೆ ಭೌತಶಾಸ್ತ್ರದಂಥ ವಿಷಯಗಳಲ್ಲಿ ಶಿಕ್ಷಕ ತರಬೇತಿಯ ಗುರಿ ಅಲ್ಲಿ ವರ್ಷ ವರ್ಷವೂ ತಪ್ಪುತ್ತಲೇ ಬಂದಿದೆ.

ವಿಪರ್ಯಾಸವೆಂದರೆ ಇಂಗ್ಲೆಂಡ್ ಈ ಪಾಠವನ್ನು ಕಲಿಯುತ್ತಿರುವುದು ಎರಡನೆಯ ಸಲ. 1862ರಲ್ಲಿ ರಾಬರ್ಟ್ ಲೋ ತಂದ ಪರಿಷ್ಕೃತ ಸಂಹಿತೆಯ ಪ್ರಕಾರ ಓದು, ಬರಹ, ಲೆಕ್ಕದಲ್ಲಿ ತಪಾಸಕರ ಮುಂದೆ ಮಗು ಸೋತರೆ ಶಾಲೆಯ ಅನುದಾನದಲ್ಲಿ ವಿಷಯಕ್ಕಿಷ್ಟು ಕಡಿತವಾಗುತ್ತಿತ್ತು. ಶಾಲೆಗಳು ವಾಚನ ಪುಸ್ತಕವನ್ನೇ ಕಂಠಪಾಠ ಮಾಡಿಸಿದವು. ಸ್ವತಃ ತಪಾಸಕರಾಗಿದ್ದ ಕವಿ ಮ್ಯಾಥ್ಯೂ ಅರ್ನಾಲ್ಡ್ ಇದನ್ನು ಕಟುವಾಗಿ ಟೀಕಿಸಿದರು. ಶತಮಾನದ ಕೊನೆಯ ವೇಳೆಗೆ ಪದ್ಧತಿ ಹೋಯಿತು. ಅದು ಇಂಗ್ಲೆಂಡಿಗಷ್ಟೇ ಸೀಮಿತವಾಗಿರಲೂ ಇಲ್ಲ. 'ಫಲಿತಾಂಶ ಅನುದಾನ'ದ ಹೆಸರಿನಲ್ಲಿ ಮದ್ರಾಸ್ ಪ್ರಾಂತ್ಯದಲ್ಲೂ ಜಾರಿಯಲ್ಲಿತ್ತು. ಮಂಗಳೂರು, ಬಳ್ಳಾರಿ ಆಗ ಆ ಪ್ರಾಂತ್ಯಕ್ಕೇ ಸೇರಿದ್ದವು.

ಇಂದಿನ ಕರ್ನಾಟಕದ ಸರ್ಕಾರಿ ಶಾಲೆಯಲ್ಲಿ ಸಂಬಳ ಫಲಿತಾಂಶಕ್ಕೆ ಅಂಟಿಕೊಂಡಿಲ್ಲ. ಆದರೂ ಎಸ್ಸೆಸ್ಸೆಲ್ಸಿ ಫಲಿತಾಂಶದ ದಿನ ಜಿಲ್ಲೆಗಳ ಸ್ಥಾನಪಟ್ಟಿಯೇ ದೊಡ್ಡ ಸುದ್ದಿ. ಫಲಿತಾಂಶ ಕುಸಿದರೆ ಮುಖ್ಯಶಿಕ್ಷಕರಿಗೆ ನೋಟಿಸ್ ಹೋಗುವುದು ವಾಡಿಕೆ. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ ಕಣ್ಗಾವಲು ಬಂದಾಗ, ಕೃಪಾಂಕವನ್ನು ಹೆಚ್ಚಿಸಿದ ಮೇಲೂ, ಹಿಂದಿನ ವರ್ಷ ಶೇ 83.89 ಇದ್ದ ಉತ್ತೀರ್ಣತೆ ಶೇ 73.40ಕ್ಕೆ ಇಳಿಯಿತು. ಅಷ್ಟು ವರ್ಷ ಜಿಲ್ಲೆಗಳನ್ನು ತೂಗಿದ ತಕ್ಕಡಿ ಯಾವುದನ್ನು ತೂಗುತ್ತಿತ್ತು ಎಂಬ ಪ್ರಶ್ನೆಯನ್ನು ಯಾರೂ ಗಟ್ಟಿಯಾಗಿ ಕೇಳಲಿಲ್ಲ.

ಇಂಗ್ಲೆಂಡಿನ 'ಸಿ' ಗೆರೆಯ ಸ್ಥಾನದಲ್ಲಿ ಇಲ್ಲಿ 2025ರವರೆಗೆ ಇದ್ದದ್ದು 35 ಅಂಕ. ಪ್ರೌಢಶಾಲೆಗಳಲ್ಲಿ 'ಪಾಸಿಂಗ್ ಪ್ಯಾಕೇಜ್' ಎಂಬ ಮಾತು ಈಗ ಮನೆಮಾತಾಗಿದೆ: ಖಚಿತವಾಗಿ ಬರುವ ಪ್ರಶ್ನೆಗಳು, ನಕ್ಷೆ, ಚಿತ್ರ, ಪದ್ಯದ ಕಂಠಪಾಠ. 28 ಅಂಕದ ಬಳಿ ನಿಂತ ಹುಡುಗನಿಗೆ ಅದು ಆಸರೆಯೇ ಸರಿ. 70 ಪಡೆಯುವ ಹುಡುಗಿ ಅರ್ಥವಾಗದ್ದನ್ನು ಕೇಳಲು ಕಾದಿರುತ್ತಾಳೆ, ಕನ್ನಡವನ್ನೇ ಸರಾಗವಾಗಿ ಓದಲಾರದೆ ಹತ್ತನೆಯ ತರಗತಿಗೆ ಬಂದವನು ಹಿಂದಿನ ಬೆಂಚಿನಲ್ಲಿರುತ್ತಾನೆ. ಜನವರಿ ಕಳೆದ ಮೇಲೆ ಆ ಇಬ್ಬರಿಗೂ ಕೊಡಲು ಮೇಷ್ಟರ ಬಳಿ ಸಮಯ ಉಳಿದಿರುವುದಿಲ್ಲ.