ನೀನ್ಯಾರು ಅಂತ ಯುಆರ್‌ಎಲ್‌ನ ಕೇಳ್ಬೇಡ

1/5
ಫೋಟೋದಲ್ಲಿ ಇರೋದು ನಮ್ಮ ಮಾವನ ಕೊಬ್ಬರಿ ಅಟ್ಟ, ಮಾಯಸಂದ್ರ. ಕೋಡಿಂಗ್ ಪೋಸ್ಟಿಗೆ ಅಟ್ಟ ಯಾಕೆ ಅಂತ ಕೇಳ್ಬೇಡಿ, ಓದಿ.

ಅಟ್ಟಕ್ಕೆ ಹಾಕಿದ ಕಾಯಿ ಉಂಡೆ ಕೊಬ್ಬರಿ ಆಗೋಕೆ ಹತ್ತು ಹನ್ನೊಂದು ತಿಂಗಳು ಬೇಕು. ಅಷ್ಟರಲ್ಲಿ ಮನೆಗೆ ಮದುವೆ, ಬೋರ್‌ವೆಲ್, ಕಾಲೇಜು ಫೀಸು ಎಲ್ಲಾ ಬಂದು ನಿಲ್ತವೆ. ಅದಕ್ಕೆ ರೈತರು ವ್ಯಾಪಾರಿ ಹತ್ರ ಮುಂಗಡ ತಗೊಳ್ತಾರೆ. ಯಾರು ಎಷ್ಟು ತಗೊಂಡವ್ರೆ ಅನ್ನೋದು ಆ ರೈತನಿಗೂ ಮಾವನ ಕೆಂಪು ಬುಕ್ಕಿಗೂ ಬಿಟ್ರೆ ಯಾರಿಗೂ ಗೊತ್ತಾಗಲ್ಲ.

ಹೋದ ವರ್ಷ ನಾನು ಆ ಬುಕ್ಕನ್ನ ಮೊಬೈಲಿಗೆ ತಂದೆ. ಜಾವಾ, ಜರ್ಸಿ ಫ್ರೇಮ್‌ವರ್ಕ್, ಬಿಸಿಎ ಫ್ರೆಂಡ್ಸ್ ಹೇಳಿಕೊಟ್ಟಂಗೆ. ರೈತ ಲಾಗಿನ್ ಆದ್ರೆ ಅವನ ಬಾಕಿ ಕಾಣುತ್ತೆ. ಯುಆರ್‌ಎಲ್ ಕೊನೆಗೆ ಖಾತೆ/17 ಅಂತ ಇತ್ತು. ಒಬ್ಬ ಹುಡುಗ 17 ಅಳಿಸಿ 18 ಹಾಕ್ದ. ಪಕ್ಕದ ಮನೆಯವರ ಮುಂಗಡ ಪೂರ್ತಿ ಬಂತು. ಸಾಯಂಕಾಲಕ್ಕೆ ಟೀ ಅಂಗಡಿಲಿ ಅದೇ ಮಾತು. ಮಾರನೇ ದಿನ ಆ ಮನೆಯ ಹಿರಿಯರು ಬಂದು ಮಾವನ್ನ ಕೇಳಿದ್ರು: “ಮಗಳ ಮದುವೆಗೆ ತಗೊಂಡಿದ್ದು ಊರಿಗೆಲ್ಲಾ ಸಾರ್ಬೇಕಿತ್ತೇನಪ್ಪಾ?” ನಾನು ಒಳಗಡೆ ಇದ್ದೆ. ಹೊರಗೆ ಬರೋಕೆ ಮುಖ ಇರ್ಲಿಲ್ಲ.

2/5
ತಪ್ಪು ಎಲ್ಲಿ ಆಯ್ತು? ಲಾಗಿನ್ ಸರಿಯಾಗೇ ಇತ್ತು. ಆ ಹುಡುಗ ತನ್ನ ಪಾಸ್‌ವರ್ಡಲ್ಲೇ ಒಳಗೆ ಬಂದಿದ್ದ.

ಜಾಕ್ಸ್-ಆರ್‌ಎಸ್ 2008ರಿಂದ ಇರೋ ಜಾವಾ ಸ್ಟ್ಯಾಂಡರ್ಡ್. ಮೆಥಡ್‌ನ ಪ್ಯಾರಾಮೀಟರ್ ಮುಂದೆ ಪಾತ್‌ಪ್ಯಾರಮ್ ಅಂತ ಬರೆದ್ರೆ ಸಾಕು, ಯುಆರ್‌ಎಲ್‌ನಲ್ಲಿರೋದನ್ನ ಫ್ರೇಮ್‌ವರ್ಕೇ ತಂದು ಕೈಗೆ ಕೊಡುತ್ತೆ. 17 ಅನ್ನೋ ಅಕ್ಷರನ ಸಂಖ್ಯೆ ಮಾಡಿ ಕೊಡುತ್ತೆ. 2013ರ ಎರಡನೇ ಆವೃತ್ತಿಯಿಂದ ಪ್ಯಾರಮ್‌ಕನ್ವರ್ಟರ್ ಅನ್ನೋದನ್ನ ನಾವೇ ಬರ್ಕೋಬಹುದು. ನಾನು ಶೋಕಿಗೆ ಅದನ್ನೂ ಬರೆದೆ: ಅದು 17 ತಗೊಂಡು ಡೇಟಾಬೇಸ್‌ಗೆ ಹೋಗಿ ‘ರೈತ’ ಅನ್ನೋ ಇಡೀ ಆಬ್ಜೆಕ್ಟ್ ತರುತ್ತೆ. ನನ್ನ ಮೆಥಡ್ ನೋಡೋಕೆ ಎಷ್ಟು ಚೆನ್ನಾಗಿತ್ತು ಅಂದ್ರೆ, ಬಾಕಿ ತೋರಿಸು, ಬ್ರಾಕೆಟ್ ಒಳಗೆ ರೈತ. ಅಷ್ಟೇ.

ಮೋಸ ಹೋಗಿದ್ದು ಅಲ್ಲೇ ಗುರು. ಕೈಗೆ ಬಂದಿದ್ದು ನಿಜವಾದ ರೈತನ ಆಬ್ಜೆಕ್ಟು, ಹೆಸರು ಊರು ಎಲ್ಲಾ ಸರಿ. ಆದ್ರೆ ಕೇಳ್ತಿರೋದು ಅವನೇನಾ ಅಂತ ದಾರಿಯಲ್ಲಿ ಯಾರೂ ನೋಡಿಲ್ಲ. ರೂಪ ಬದಲಾಯಿಸಿದ್ದನ್ನ ನಾನು ಪರೀಕ್ಷೆ ಮಾಡಿದ್ದು ಅಂದ್ಕೊಂಡೆ.

3/5
ಇದನ್ನ ಹೇಳಿದ್ರೆ ನನ್ನ ಫ್ರೆಂಡ್ಸ್ ಕೊಟ್ಟ ಮೊದಲ ಐಡಿಯಾ: “17 ಬದ್ಲು ಮೂವತ್ತು ಅಕ್ಷರದ ಐಡಿ ಹಾಕು, ಯಾರಿಗೂ ಊಹೆ ಮಾಡಕ್ಕಾಗಲ್ಲ.” ಸರಿನಪ್ಪಾ. ರೈತ ತನ್ನ ಲಿಂಕನ್ನ ವಾಟ್ಸಾಪಲ್ಲಿ ಮಗನಿಗೆ ಕಳಿಸ್ತಾನೆ, ಮಗ ಗ್ರೂಪಿಗೆ ಹಾಕ್ತಾನೆ. ಬೀಗದ ಕೈನ ಬಾಗಿಲ ಮೇಲೇ ಬರೆದಿಟ್ಟು, ಅಕ್ಷರ ಸಣ್ಣದು ಮಾಡಿದೀನಿ ಅಂದಂಗಾಯ್ತು.

ಎರಡನೇದು: “ನಿನ್ನ ಸಣ್ಣ ಪ್ರಾಜೆಕ್ಟಿಗೆ ಇದೆಲ್ಲಾ ಓವರ್ ಕಣೋ.” ಓವಾಸ್ಪ್‌ನವರು 2019ರಲ್ಲಿ ಎಪಿಐ ಅಪಾಯಗಳ ಪಟ್ಟಿ ಮಾಡಿದಾಗ ನಂಬರ್ ಒನ್ ಇದೇ ತಪ್ಪು. 2023ರಲ್ಲಿ ಪಟ್ಟಿ ತಿದ್ದಿದ್ರು, ಆಗಲೂ ಇದೇ ಒಂದನೇದು. ಮದುವೆ ಸಾಲ ಸಣ್ಣ ವಿಷಯ ಅನ್ನೋರು ಆ ಹಿರಿಯರ ಮುಂದೆ ನಿಂತು ಹೇಳಲಿ.

4/5
ನಮ್ಮ ಕಡೆಯವರಿಗೆ ಇದು ಹೊಸದಲ್ಲ. 2024ರ ಆರಂಭದಲ್ಲಿ ನಾಫೆಡ್ ಮೂಲಕ ಉಂಡೆ ಕೊಬ್ಬರಿ ಕೊಳ್ಳೋಕೆ ನೋಂದಣಿ ಆಯ್ತಲ್ಲ, ಬೆಂಬಲ ಬೆಲೆ ಕ್ವಿಂಟಾಲಿಗೆ 12,000. ರೈತರ ಹೆಸರಲ್ಲಿ ಬೇರೆಯವರು ನುಗ್ಗಿದ್ದಾರೆ ಅಂತ ದೂರು ಬಂದು, ಆ ನೋಂದಣಿ ಬಿಟ್ಟು, ಬಯೋಮೆಟ್ರಿಕ್ ಇಟ್ಟು ಮತ್ತೆ ಮಾಡಿದ್ರು. ರಾತ್ರಿಯಿಡೀ ಕ್ಯೂ ನಿಂತೋರಿಗೆ ಗೊತ್ತು ಆ ಕಷ್ಟ. ನಂಬರನ್ನ ಯಾರು ಬೇಕಾದ್ರೂ ತಂದು ಕೊಡಬಹುದು, ಬೆರಳು ಅವನದ್ದೇ ಬೇಕು. ಯುಆರ್‌ಎಲ್‌ನಲ್ಲಿರೋದು ನಂಬರು. ಲಾಗಿನ್ ಆದಾಗ ಸರ್ವರ್ ಸಹಿ ಹಾಕಿ ಕೊಟ್ಟ ಟೋಕನ್ನು ಬೆರಳು.

ಬಿಕಾಂನಲ್ಲಿ ಆಡಿಟಿಂಗ್ ಓದ್ತೀವಲ್ಲ, ವೋಚರ್ ಬರೆದವನೇ ಅದನ್ನ ಪಾಸ್ ಮಾಡಬಾರದು ಅಂತ. ಹತ್ತು ಮಾರ್ಕ್ಸ್‌ಗೆ ಬಾಯಿಪಾಠ ಮಾಡಿದ್ದೆ. ಕೋಡ್ ಬರೆಯುವಾಗ ಕೇಳೋನ ಕೈಲೇ ‘ನಾನು 18’ ಅಂತ ಬರೆಸಿಕೊಂಡು ಪಾಸ್ ಮಾಡಿದೆ.

5/5
ಈಗ ಕಸ್ಟಮ್ ಇಂಜೆಕ್ಷನ್ ಬರೆದಿದೀನಿ. ‘ಈಗಿನ ರೈತ’ ಅಂತ ನನ್ನದೇ ಒಂದು ಅನೋಟೇಶನ್. ಮೆಥಡ್‌ನ ಪ್ಯಾರಾಮೀಟರ್ ಮುಂದೆ ಅದು ಕಂಡ್ರೆ ಜರ್ಸಿಯ ವ್ಯಾಲ್ಯೂಪ್ಯಾರಮ್‌ಪ್ರೊವೈಡರ್ ಟೋಕನ್ ನೋಡಿ ರೈತನ್ನ ತಂದು ಕೊಡುತ್ತೆ. ಟೋಕನ್ ಇಲ್ಲ ಅಂದ್ರೆ 401, ಮೆಥಡ್ ಹತ್ರನೇ ಬರಲ್ಲ. ಯುಆರ್‌ಎಲ್‌ನಲ್ಲಿ ನಂಬರೇ ಇಲ್ಲ, ನನ್ನಖಾತೆ ಅಷ್ಟೇ.

ಇದು ಮ್ಯಾಜಿಕ್ ಥರ, ಡೀಬಗ್ ಮಾಡೋನಿಗೆ ರೈತ ಎಲ್ಲಿಂದ ಬಂದ ಅಂತ ಗೊತ್ತಾಗಲ್ಲ ಅಂತಾರೆ. ಒಪ್ತೀನಿ, ನಂಗೂ ಒಂದು ರಾತ್ರಿ ಹಾಳಾಯ್ತು. ಜರ್ಸಿ ಬಿಟ್ಟು ಬೇರೆ ಕಡೆ ಹೋದ್ರೆ ಈ ಕೋಡ್ ನಡೆಯಲ್ಲ ಅನ್ನೋದೂ ನಿಜ. ಅಷ್ಟು ಭಯ ಇದ್ರೆ ಸ್ಟ್ಯಾಂಡರ್ಡ್‌ನಲ್ಲೇ ಸೆಕ್ಯೂರಿಟಿಕಾಂಟೆಕ್ಸ್ಟ್ ಇದೆ, ಅದರಿಂದ ತಗೊಳ್ಳಿ. ಎಲ್ಲಿಂದಾದ್ರೂ ತಗೊಳ್ಳಿ, ಯುಆರ್‌ಎಲ್‌ನಿಂದ ಬೇಡ.

ಇದೊಂದರಿಂದ ಎಲ್ಲಾ ಮುಗಿಯಲ್ಲ. ಬಿಲ್ ನಂಬರ್ ಯುಆರ್‌ಎಲ್‌ನಲ್ಲೇ ಬರ್ಬೇಕು. ಅಲ್ಲಿ ‘ಬಿಲ್ 42 ಕೊಡು’ ಅಂತ ಹುಡುಕಲ್ಲ, ‘ಈ ರೈತನ ಬಿಲ್‌ಗಳಲ್ಲಿ 42 ಇದ್ರೆ ಕೊಡು’ ಅಂತ ಹುಡುಕ್ತೀನಿ. ಮಾವನ ಗುಮಾಸ್ತರು ಎಲ್ಲರ ಖಾತೆನೂ ನೋಡ್ಬೇಕು, ಅವರ ದಾರಿನೇ ಬೇರೆ ಮಾಡಿ ಪ್ರತಿ ಸಲ ಅಧಿಕಾರ ಕೇಳ್ತೀನಿ.

ಇವತ್ತು ನಿಮ್ಮ ಪ್ರಾಜೆಕ್ಟಲ್ಲಿ ನಿಮ್ಮದೇ ಎರಡು ಅಕೌಂಟ್ ಮಾಡಿ, ಒಂದ್ರಲ್ಲಿ ಲಾಗಿನ್ ಆಗಿ ಇನ್ನೊಂದ್ರ ನಂಬರ್ ಹಾಕಿ. ಏನ್ ಬಂತು ಅಂತ ಕಾಮೆಂಟ್ ಮಾಡಿ. ಬೇರೆಯವರದ್ದರಲ್ಲಿ ಆಟ ಆಡ್ಬೇಡಿ.

ಹೋದ ಭಾನುವಾರ ಹೊಸದನ್ನ ಮಾವಂಗೆ ತೋರಿಸಿದೆ. “ಮೊದ್ಲು ಆ ಹದಿನೆಂಟು ಹಾಕು, ನೋಡಣ” ಅಂದ್ರು. ಹಾಕಿದೆ. 404 ಬಂತು. ಇನ್ನೊಂದ್ಸಲ ಹಾಕು ಅಂದ್ರು. ಕೆಂಪು ಬುಕ್ಕನ್ನ ಇನ್ನೂ ಬಿಟ್ಟಿಲ್ಲ.