ಕ್ಯಾನ್ಸರ್ ತಪಾಸಣೆಯ ಲೆಕ್ಕ ಪಂಚಾಯ್ತಿ ಬೋರ್ಡಿನ ಮೇಲೆ ಬರೆಯಿರಿ

ಹಾನಗಲ್ ತಾಲ್ಲೂಕಿನ ಒಂದು ಹಳ್ಳಿ. ನಮ್ಮಲ್ಲೊಬ್ಬನ ಚಿಗವ್ವನಿಗೆ ಮುಟ್ಟು ನಿಂತು ಆರು ವರ್ಷದ ಮೇಲೆ ಮತ್ತೆ ರಕ್ತ ಕಾಣಿಸಿಕೊಂಡಿತು. ಉಷ್ಣ ಆಗಿರಬೇಕೆಂದು ಜೀರಿಗೆ ಕಷಾಯ ಕುಡಿದಳು. ಊರಿನ ಡಾಕ್ಟರು ಗುಳಿಗೆ ಕೊಟ್ಟರು. ಎಂಟು ತಿಂಗಳು ಕಳೆದು ಹುಬ್ಬಳ್ಳಿಗೆ ಹೋದಾಗ ಗರ್ಭಕಂಠದ ಕ್ಯಾನ್ಸರ್, ಮೂರನೇ ಹಂತ ಅಂದರು. ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ, ಅದಕ್ಕೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕು ಎಂಬುದು ಗೊತ್ತಾಗುವಷ್ಟರಲ್ಲಿ ಎರಡು ಎಮ್ಮೆ ಮಾರಿ ಆಗಿತ್ತು. ಚಿಗವ್ವ ಕೇಳಿದಳು: "ಇದನ್ನ ಮೊದಲ ಯಾರರ ಹೇಳಬಾರದಾಗಿತ್ತೇನೋ ತಮ್ಮಾ? ನೀ ಪೇಪರಿನ್ಯಾಗ ಬರೀತಿ, ನಿನಗರ ಗೊತ್ತಿದ್ದಿಲ್ಲೇನ?"

ನಮಗೆ ಗೊತ್ತಿದ್ದದ್ದು ಬೇರೆ. 2023ರ ಅಕ್ಟೋಬರಿನಲ್ಲಿ ಐಐಟಿ ಬಾಂಬೆ ಮತ್ತು ಟಾಟಾ ಮೆಮೋರಿಯಲ್ ಸೇರಿ ರೂಪಿಸಿದ ಸಿಎಆರ್-ಟಿ ಚಿಕಿತ್ಸೆಗೆ ಒಪ್ಪಿಗೆ ಸಿಕ್ಕಿತು. ರೋಗಿಯ ರಕ್ತದ ಬಿಳಿಕಣಗಳನ್ನೇ ತಿದ್ದಿ ಕೆಲವು ಬಗೆಯ ರಕ್ತ ಕ್ಯಾನ್ಸರಿನ ಮೇಲೆ ಬಿಡುವ ಚಿಕಿತ್ಸೆ ಅದು. ಹೆಮ್ಮೆಪಡುವ ಸುದ್ದಿಯೇ. ಆದರೆ ನಮ್ಮ ಊರುಗಳ ಜೀವ ಉಳಿಸುವ ಸಂಶೋಧನೆ ಅದಕ್ಕಿಂತ ಎಷ್ಟೋ ಹಳೆಯದು, ಎಷ್ಟೋ ಅಗ್ಗ.

ಮುಂಬೈ ಕೊಳೆಗೇರಿಗಳಲ್ಲಿ 1998ರಿಂದ ಸುಮಾರು ಒಂದೂವರೆ ಲಕ್ಷ ಹೆಂಗಸರ ಮೇಲೆ ಟಾಟಾ ಮೆಮೋರಿಯಲ್ ನಡೆಸಿದ ಅಧ್ಯಯನ ನೋಡಿ. ಹತ್ತನೇ ತರಗತಿ ಓದಿದ ಹೆಣ್ಣುಮಕ್ಕಳಿಗೆ ತರಬೇತಿ ಕೊಟ್ಟರು. ಗರ್ಭಕಂಠಕ್ಕೆ ವಿನೆಗರಿನಲ್ಲಿರುವ ಅಸಿಟಿಕ್ ಆಮ್ಲ ಹಚ್ಚಿ ಬೆಳಕಿನಲ್ಲಿ ನೋಡುವುದು, ದೋಷವಿದ್ದ ಜಾಗ ಬೆಳ್ಳಗಾಗುತ್ತದೆ. ಇಷ್ಟೇ ಪರೀಕ್ಷೆ. ಸಾವು ನೂರಕ್ಕೆ 31ರಷ್ಟು ಇಳಿಯಿತು. ನಮ್ಮ ಹಾಗೆಯೇ ಒಣಬೇಸಾಯದ ಉಸ್ಮಾನಾಬಾದ್ ಜಿಲ್ಲೆಯ ಹಳ್ಳಿಗಳಲ್ಲಿ ಒಂದೇ ಒಂದು ಸಲ ಎಚ್‌ಪಿವಿ ಪರೀಕ್ಷೆ ಮಾಡಿದ್ದರಿಂದ ಸಾವು ಹೆಚ್ಚುಕಡಿಮೆ ಅರ್ಧಕ್ಕೆ ಬಂತೆಂದು 2009ರಲ್ಲಿ ಪ್ರಕಟವಾಯಿತು. ಕೇರಳದ ತಿರುವನಂತಪುರದಲ್ಲಿ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಬಾಯಿ ತೆರೆಸಿ ನೋಡಿದ್ದರಿಂದ ತಂಬಾಕು, ಸಾರಾಯಿ ಚಟವಿದ್ದವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಮೂರನೇ ಒಂದು ಭಾಗ ತಗ್ಗಿತೆಂದು 2005ರಲ್ಲೇ ಗೊತ್ತಾಗಿದೆ.

ಇದನ್ನೆಲ್ಲ ಸರ್ಕಾರ ಒಪ್ಪಿದೆ. ಮೂವತ್ತು ದಾಟಿದವರ ಬಾಯಿ, ಎದೆ, ಗರ್ಭಕಂಠ ತಪಾಸಣೆ ಮಾಡಬೇಕೆಂಬ ಕಾರ್ಯಕ್ರಮವಿದೆ, ಆಶಾ ಕಾರ್ಯಕರ್ತೆಯರ ಕೈಯಲ್ಲಿ ಅದರ ಫಾರಮ್ಮೂ ಇದೆ. ಫಲ? 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ 30ರಿಂದ 49 ವಯಸ್ಸಿನ ಹೆಂಗಸರಲ್ಲಿ ಗರ್ಭಕಂಠದ ತಪಾಸಣೆ ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ ಇಬ್ಬರೂ ಇಲ್ಲ. ಎದೆಯ ತಪಾಸಣೆ, ಬಾಯಿ ತಪಾಸಣೆ ನೂರಕ್ಕೆ ಒಬ್ಬರಿಗೂ ಆಗಿಲ್ಲ.

ಗುಟ್ಕಾದ ಕತೆಯೂ ಇದೇ. ರಾಜ್ಯದಲ್ಲಿ ನಿಷೇಧವಾದದ್ದು 2013ರಲ್ಲಿ. ಶಿಗ್ಗಾಂವಿ ಬಸ್ ಸ್ಟ್ಯಾಂಡಿನಲ್ಲಿ ಇಳಿದು ನೋಡಿ: ಪಾನ್ ಮಸಾಲಾ ಒಂದು ಚೀಟು, ತಂಬಾಕು ಇನ್ನೊಂದು ಚೀಟು, ಎರಡೂ ಸೇರುವುದು ಗಿರಾಕಿಯ ಬಾಯಲ್ಲಿ. ಸವಣೂರಿನ ಎಲೆಯ ತಪ್ಪೇನಿಲ್ಲ. ಆದರೆ ತಂಬಾಕು ಇಲ್ಲದಿದ್ದರೂ ಅಡಿಕೆಯೇ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಹೇಳಿದೆ. ಅಡಿಕೆ ತೋಟವಿರುವ ನಮ್ಮ ಮನೆಗಳಲ್ಲಿ ಈ ಮಾತು ಯಾರಿಗೂ ಬೇಡ. ಬೇಡವಾದರೂ ಹೇಳಬೇಕು.

ಹಾಗಾದರೆ ಕೊರತೆ ಇರುವುದು ಸಂಶೋಧನೆಯಲ್ಲಲ್ಲ, ಯೋಜನೆಯಲ್ಲೂ ಅಲ್ಲ. ನಮ್ಮ ಊರಿಗೆ ಏನು ಬರಬೇಕಿತ್ತು, ಏನು ಬಂತು ಎಂಬುದು ಊರಿಗೇ ಗೊತ್ತಿಲ್ಲ. ಗೊತ್ತಿಲ್ಲದ್ದನ್ನು ಯಾರೂ ಕೇಳುವುದಿಲ್ಲ, ಕೇಳದಿದ್ದರೆ ಯಾರೂ ಕೊಡುವುದಿಲ್ಲ.

ನಾವು ಕೇಳುವುದು ಇಷ್ಟೇ. ನಾಲ್ಕೂ ತಾಲ್ಲೂಕಿನ ಪ್ರತಿ ಗ್ರಾಮ ಪಂಚಾಯ್ತಿಯ ಬೋರ್ಡಿನ ಮೇಲೆ ತಿಂಗಳಿಗೊಮ್ಮೆ ಕನ್ನಡದಲ್ಲಿ ಐದು ಸಾಲು ಬರೆಯಿರಿ. ತಪಾಸಣೆ ಯಾವ ದಿನ, ಎಲ್ಲಿ. ಊರಲ್ಲಿ ಮೂವತ್ತು ದಾಟಿದವರು ಎಷ್ಟು. ಅವರಲ್ಲಿ ತಪಾಸಣೆ ಆದದ್ದು ಎಷ್ಟು. ಮುಂದಿನ ಆಸ್ಪತ್ರೆಗೆ ಕಳಿಸಿದ್ದು ಎಷ್ಟು. ಅವರಲ್ಲಿ ಅಲ್ಲಿಗೆ ಮುಟ್ಟಿದವರು ಎಷ್ಟು. ಯಾರ ಹೆಸರೂ ಬೇಡ, ಲೆಕ್ಕ ಸಾಕು. ಕೆಳಗೆ ಇನ್ನೊಂದು ಸಾಲು: ಮುಟ್ಟು ನಿಂತ ಮೇಲೆ ರಕ್ತ, ಮೂರು ವಾರವಾದರೂ ಮಾಯದ ಬಾಯಿಹುಣ್ಣು, ಎದೆಯಲ್ಲಿ ನೋವಿಲ್ಲದ ಗಂಟು ಕಂಡರೆ ತಡಮಾಡದೆ ಬನ್ನಿ.

ಇದು ನಾವು ಬೇಡುವ ಉಪಕಾರವಲ್ಲ. 2005ರ ಮಾಹಿತಿ ಹಕ್ಕು ಕಾಯ್ದೆಯ 4ನೇ ಕಲಂ, ಜನ ಕೇಳುವ ಮೊದಲೇ ಮಾಹಿತಿ ಹೊರಗಿಡಬೇಕು, ಸ್ಥಳೀಯ ಭಾಷೆಯನ್ನು ಗಮನದಲ್ಲಿಡಬೇಕು ಎನ್ನುತ್ತದೆ. ನೋಟಿಸ್ ಬೋರ್ಡಿನ ಹೆಸರೂ ಅದರಲ್ಲಿದೆ.

"ಲೆಕ್ಕ ಬರೆದರೆ ಜನ ಹೆದರುತ್ತಾರೆ" ಎನ್ನುವವರಿದ್ದಾರೆ. ಕೊರೊನಾ ಕಾಲದಲ್ಲಿ ಸಂಜೆಯಾದರೆ ಹಾನಗಲ್ಲಿಗೆ ಎಷ್ಟು, ಸವಣೂರಿಗೆ ಎಷ್ಟು, ಹಿರೇಕೆರೂರಿಗೆ ಎಷ್ಟು ಎಂದು ಲೆಕ್ಕ ಬರುತ್ತಿತ್ತಲ್ಲ? ಆಗ ಆದದ್ದು ಈಗ ಏಕಾಗದು? "ಆಶಾಗಳಿಗೆ ಹೊರೆ" ಎನ್ನುವವರೂ ಇದ್ದಾರೆ. ಹೊರೆ ನಿಜ. ಅದಕ್ಕೇ ಬೋರ್ಡು ಬೇಕು. ತರಬೇತಾದ ನರ್ಸ್ ಇಲ್ಲ, ಹೆಂಗಸರನ್ನು ನೋಡಲು ಬಾಗಿಲಿರುವ ಕೋಣೆ ಇಲ್ಲ ಎಂಬುದು ಸೊನ್ನೆಯ ರೂಪದಲ್ಲಿ ಎಲ್ಲರಿಗೂ ಕಾಣಲಿ. ಬೈಗುಳ ಆಶಾಗೆ ಬೀಳುವುದು ನಿಂತು, ಪ್ರಶ್ನೆ ಮೇಲಿನವರಿಗೆ ಮುಟ್ಟಲಿ.

ನಮ್ಮ ವೃತ್ತಿಯವರನ್ನೂ ಬಿಡುವಂತಿಲ್ಲ. ಕ್ಯಾನ್ಸರ್ ವಾಸಿಮಾಡುತ್ತೇವೆಂಬ ಜಾಹೀರಾತಿಗೆ 1954ರ ಮ್ಯಾಜಿಕ್ ರೆಮಿಡೀಸ್ ಕಾಯ್ದೆಯಲ್ಲೇ ನಿಷೇಧವಿದೆ. ಆದರೂ ನಾಟಿ ಔಷಧದ "ಪವಾಡ" ಸುದ್ದಿಯಾಗುತ್ತದೆ, ತಪಾಸಣೆಯ ದಿನ ಸುದ್ದಿಯಾಗುವುದಿಲ್ಲ. ಚಿಗವ್ವನ ಪ್ರಶ್ನೆ ನಮ್ಮ ಮೇಲೂ ಇದೆ.

ನಾಲ್ಕೂ ತಾಲ್ಲೂಕಿನ ಆರೋಗ್ಯಾಧಿಕಾರಿಗಳ ಕಚೇರಿಗೆ ಮಾಹಿತಿ ಹಕ್ಕಿನಡಿ ಒಂದೇ ಮಾದರಿಯ ಅರ್ಜಿ ಹಾಕುತ್ತಿದ್ದೇವೆ. ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ ಗಡುವು. ಬಂದ ಉತ್ತರ ಹೇಗಿದೆಯೋ ಹಾಗೇ ಇಲ್ಲಿ ಹಾಕುತ್ತೇವೆ. ಅಲ್ಲಿಯವರೆಗೆ ಒಂದು ಕೆಲಸ ಮಾಡಿ: ನಿಮ್ಮ ಊರಿನ ಆಶಾ ಅಕ್ಕನನ್ನು "ತಪಾಸಣೆ ಯಾವತ್ತ ಐತ್ರಿ?" ಎಂದು ಕೇಳಿ. ಕೇಳಿ, ಮನೆಯ ಹೆಂಗಸರನ್ನು ಕರೆದುಕೊಂಡು ಹೋಗಿ.